ಉದ್ಯೋಗಾರ್ಥಿನಿಯರಿಗೂ ಅವರ ಹೆತ್ತವರಿಗೂ ಕೆಲವು ಮಾತುಗಳು

ನಮ್ಮ ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿನಿಯರಿಂದ ಪ್ರತಿವರ್ಷವೂ ನಮಗೆ ಅನೇಕ ಪತ್ರಗಳು ಬರುತ್ತವೆ. ಈಗೀಗ ಅವು ಅಂಚೆಯವನ ಚೀಲದಿಂದ ಬರುವುದಕ್ಕಿಂತ ಮೊಬೈಲಿನ ಮೂಲಕ ಬರುವುದೇ ಹೆಚ್ಚು. ಆದರೂ ಪತ್ರಗಳು ಪತ್ರಗಳೇ ಸರಿ. ಕ್ಷೇಮಸಮಾಚಾರವು ಮುಗಿದ ಮೇಲೆ ಅವುಗಳಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳಿರುತ್ತವೆ. ಶಾಲೆಯ ದಾಖಲೆಯ ಪ್ರತಿಯೊಂದು ಬೇಕೆಂಬ ಕೋರಿಕೆ ಮೊದಲನೆಯದು. "ಸಂದರ್ಶನಕ್ಕೆ ಹೋಗಿದ್ದೆನು, ಆದರೆ ಆಗಲಿಲ್ಲ" ಎಂಬ ಸಾಲು ಎರಡನೆಯದು. ಆ ಸಾಲಿನ ಮುಂದೆ ಬರೆದವಳು ಮತ್ತೇನನ್ನೂ ಬರೆಯುವುದಿಲ್ಲ. ಯಾಕೆ ಆಗಲಿಲ್ಲವೆಂಬುದು ಅವಳಿಗೇ ತಿಳಿಯದು. ತಿಳಿಸಿ ಹೇಳತಕ್ಕವರೂ ಯಾರೂ ಇರುವುದಿಲ್ಲ.

ಇದಕ್ಕೆ ಒಂದು ಕಾರಣವುಂಟು. ಹತ್ತು ವರ್ಷಗಳ ಕಾಲ ನಾವು ಈ ಮಕ್ಕಳನ್ನು ಪರೀಕ್ಷೆಗಳಿಗೆ ಸಿದ್ಧಪಡಿಸುತ್ತೇವೆ. ಪರೀಕ್ಷೆಯಲ್ಲಿ ಪಾಠವು ಮೊದಲೇ ಗೊತ್ತು, ಪ್ರಶ್ನೆಗೆ ಇಷ್ಟು ಅಂಕಗಳೆಂದು ಗೊತ್ತು, ಎಷ್ಟು ಬಂದರೆ ತೇರ್ಗಡೆಯೆಂದೂ ಗೊತ್ತು. ತಪ್ಪಿದ ಉತ್ತರದ ಮೇಲೆ ಕೆಂಪು ಗುರುತು ಬಿದ್ದು ಕಾಗದವು ಕೈಗೆ ಹಿಂದಿರುಗುತ್ತದೆ. ಉದ್ಯೋಗದ ಸಂದರ್ಶನವಾದರೋ ಈ ಯಾವ ನಿಯಮಕ್ಕೂ ಒಳಪಟ್ಟುದಲ್ಲ. ಅಲ್ಲಿ ಎಲ್ಲರೂ ಚೆನ್ನಾಗಿ ಉತ್ತರಿಸಿದರೂ ಒಬ್ಬಳಿಗೇ ಕೆಲಸ. ಕೆಂಪು ಗುರುತಿನ ಕಾಗದವು ಯಾರಿಗೂ ಹಿಂದಿರುಗುವುದಿಲ್ಲ. ಆದಕಾರಣ ಚೆನ್ನಾಗಿ ಓದಿದ ಹುಡುಗಿಯೇ ಮೊದಲನೆಯ ನಿರಾಕರಣೆಯಿಂದ ಹೆಚ್ಚು ಕುಗ್ಗಿಹೋಗುವುದನ್ನು ನಾವು ಕಂಡಿದ್ದೇವೆ. ಏಕೆಂದರೆ ಅನುತ್ತೀರ್ಣಳಾಗುವ ಅಭ್ಯಾಸವೇ ಅವಳಿಗಿರಲಿಲ್ಲ. ಈ ವಿಷಯವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ಹೆತ್ತವರಿಗೂ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಮೊದಲು ತಿಳಿದುಕೊಳ್ಳಬೇಕಾದುದು, ತಾನು ಅರ್ಜಿ ಹಾಕಿದ ಹುದ್ದೆಗೆ ಸಂದರ್ಶನವುಂಟೋ ಇಲ್ಲವೋ, ಉಂಟಾದರೆ ಅದರ ತೂಕವೆಷ್ಟು ಎಂಬುದು. ಇದನ್ನು ವಿಚಾರಿಸದೆ ಹೋಗುವವರೇ ಬಹಳ ಮಂದಿ. ಕೇಂದ್ರ ಸರ್ಕಾರವು ೨೦೧೬ರ ಜನವರಿ ೧ರಿಂದ ಗ್ರೂಪ್ 'ಸಿ' ದರ್ಜೆಯ ಹುದ್ದೆಗಳಿಗೂ ಗ್ರೂಪ್ 'ಬಿ'ಯಲ್ಲಿ ಪತ್ರಾಂಕಿತವಲ್ಲದ ಹುದ್ದೆಗಳಿಗೂ ಸಂದರ್ಶನವನ್ನು ತೆಗೆದುಹಾಕಿತು. ಆದ್ದರಿಂದ ಅಂತಹ ಹುದ್ದೆಯೊಂದಕ್ಕೆ "ಸಂದರ್ಶನದಲ್ಲಿ ನಮ್ಮವರಿದ್ದಾರೆ, ಹೇಳಿಸುತ್ತೇವೆ" ಎಂದು ಯಾರಾದರೂ ಮನೆಗೆ ಬಂದು ಹಣ ಕೇಳಿದರೆ, ಇಲ್ಲದ ಸಂದರ್ಶನದ ಹೆಸರಿನಲ್ಲಿ ಕೇಳುತ್ತಿದ್ದಾರೆಂದು ತಿಳಿಯತಕ್ಕದ್ದು. ಸಾರ್ವಜನಿಕ ಬ್ಯಾಂಕುಗಳ ಸಾಮಾನ್ಯ ನೇಮಕಾತಿಯಲ್ಲಿ ಗುಮಾಸ್ತೆಯ ದರ್ಜೆಗೆ ಸಂದರ್ಶನವಿಲ್ಲ. ಪ್ರೊಬೇಷನರಿ ಆಫೀಸರ್ ಹುದ್ದೆಗೆ ಉಂಟು, ಮತ್ತು ಅಲ್ಲಿ ಮುಖ್ಯ ಪರೀಕ್ಷೆಗೆ ನೂರರಲ್ಲಿ ೮೦, ಸಂದರ್ಶನಕ್ಕೆ ೨೦ ಎಂಬ ಲೆಕ್ಕದಿಂದ ಕೊನೆಯ ಪಟ್ಟಿಯು ತಯಾರಾಗುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು ೨೦೨೫ ಅಂಕಗಳೊಳಗೆ ವ್ಯಕ್ತಿತ್ವ ಪರೀಕ್ಷೆಗೆ ಇರುವುದು ೨೭೫. ಖಾಸಗಿ ಶಾಲೆ, ಆಸ್ಪತ್ರೆ, ಕಂಪೆನಿಗಳಲ್ಲಿ ಇದು ತಲೆಕೆಳಗಾಗಿ, ಬಹುಮಟ್ಟಿಗೆ ಎಲ್ಲವೂ ಆ ಅರ್ಧ ಗಂಟೆಯ ಮೇಲೆಯೇ ನಿಂತಿರುತ್ತದೆ. ಎಲ್ಲಿ ಎಷ್ಟು ಶ್ರಮಪಡಬೇಕೆಂಬುದು ಈ ಲೆಕ್ಕದಿಂದ ತಾನಾಗಿ ಹೊರಡುತ್ತದೆ.

ಸಿದ್ಧತೆಯೆಂದೊಡನೆ ನಮ್ಮ ಹುಡುಗಿಯರು ಹೊಸ ಪುಸ್ತಕಗಳನ್ನು ಹುಡುಕುತ್ತಾರೆ. ನಾವು ಹೇಳುವುದು, ಮೊದಲು ನಿನ್ನ ಅರ್ಜಿಯನ್ನೇ ಓದು ಎಂದು. ಅರ್ಜಿಯಲ್ಲಿ ಬರೆದ ಒಂದೊಂದು ಸಾಲೂ ಒಂದೊಂದು ಪ್ರಶ್ನೆಯ ಬೀಜ. "ಓದುವ ಹವ್ಯಾಸ" ಎಂದು ಬರೆದವಳನ್ನು ಕಳೆದ ತಿಂಗಳು ಏನನ್ನು ಓದಿದೆ ಎಂದು ಕೇಳದೆ ಬಿಡುವವರುಂಟೇ? "ಪ್ರಥಮ ಚಿಕಿತ್ಸೆಯಲ್ಲಿ ತರಬೇತಿ" ಎಂದು ಬರೆದವಳಿಗೆ, ಮಗುವಿನ ಕೈ ಬಿಸಿನೀರಿನಿಂದ ಸುಟ್ಟರೆ ಏನು ಮಾಡುವೆ ಎಂದು ಕೇಳುವುದು ಅನ್ಯಾಯವಲ್ಲ. ಬಾಯಿ ತೆರೆದು ಎರಡು ನಿಮಿಷ ಹೇಳಲಾರದ ಸಾಲು ಅರ್ಜಿಯಲ್ಲಿ ಇರಲೇಕೂಡದು. ಅಂಗಡಿಯಲ್ಲಿ ಮುದ್ರಿಸಿದ ಮಾದರಿಯನ್ನು ನೋಡಿ ನಕಲುಮಾಡಿದ ಅರ್ಜಿಗಳಲ್ಲಿ ಇಂತಹ ಸಾಲುಗಳು ತುಂಬಿರುತ್ತವೆ. ಹತ್ತು ಮಂದಿಯ ಅರ್ಜಿಗಳು ಒಂದೇ ಅಚ್ಚಿನಲ್ಲಿ ಬಂದಾಗ ಓದುವವರಿಗೆ ಯಾರ ಮುಖವೂ ಕಾಣಿಸುವುದಿಲ್ಲ.

"ನಿಮ್ಮ ವಿಷಯ ಹೇಳಿ" ಎಂಬುದು ಬಹುಶಃ ಎಲ್ಲ ಸಂದರ್ಶನಗಳಿಗೂ ಮೊದಲನೆಯ ಪ್ರಶ್ನೆ. ಇದಕ್ಕೆ ಊರು, ತಂದೆಯ ಹೆಸರು, ಶಾಲೆಯ ಹೆಸರು ಎಂದು ಅರ್ಜಿಯಲ್ಲಿದ್ದುದನ್ನೇ ಒಪ್ಪಿಸುವ ರೂಢಿಯುಂಟು. ಕೇಳುವವರ ಮುಂದೆ ಆ ಕಾಗದವು ಬಿಚ್ಚಿಯೇ ಇದೆಯಷ್ಟೆ. ಅವರಿಗೆ ಬೇಕಾದುದು ಈಕೆ ಏನು ಮಾಡಬಲ್ಲಳು ಎಂಬುದು. "ನಾನು ಶ್ರಮಜೀವಿ, ಪ್ರಾಮಾಣಿಕಳು" ಎಂದು ಹೇಳಿಕೊಂಡರೆ ಯಾರೂ ಅಲ್ಲಗಳೆಯುವುದಿಲ್ಲ, ನಂಬುವುದೂ ಇಲ್ಲ. "ಎರಡು ವರ್ಷ ನಮ್ಮ ವಾರ್ಡಿನ ರಾತ್ರಿ ಪಾಳಿಯಲ್ಲಿ ಔಷಧದ ಪುಸ್ತಕವು ನನ್ನ ವಶದಲ್ಲಿತ್ತು, ಪಾಳಿ ಬದಲಾಗುವಾಗ ಎಣಿಸಿ ಒಪ್ಪಿಸುತ್ತಿದ್ದೆನು" ಎಂದರೆ ಪ್ರಾಮಾಣಿಕತೆಯ ಹೆಸರೆತ್ತದೆಯೇ ಅದು ಬಂದುಬಿಟ್ಟಿತು. ಹೊಸದಾಗಿ ಓದು ಮುಗಿಸಿದವಳಿಗೆ ಇಂತಹ ಕೆಲಸವೆಲ್ಲಿಂದ ಬರಬೇಕೆಂದು ಕೇಳಬಹುದು. ತಮ್ಮನಿಗೆ ಲೆಕ್ಕ ಹೇಳಿಕೊಟ್ಟುದು, ಸ್ತ್ರೀಶಕ್ತಿ ಸಂಘದ ಲೆಕ್ಕಪುಸ್ತಕವನ್ನು ತಾಯಿಗೆ ಬರೆದುಕೊಟ್ಟುದು, ಶಾಲೆಯ ವಾರ್ಷಿಕೋತ್ಸವದಲ್ಲಿ ನೂರು ಮಂದಿಗೆ ಊಟ ಬಡಿಸುವ ವ್ಯವಸ್ಥೆ ನೋಡಿಕೊಂಡುದು, ಇವೆಲ್ಲ ಕೆಲಸಗಳೇ. ನಮ್ಮ ಹೆಣ್ಣುಮಕ್ಕಳು ಮಾಡಿದ ಕೆಲಸವನ್ನು ಕೆಲಸವೆಂದು ಎಣಿಸದೆ ಇರುವುದನ್ನು ಮನೆಯಲ್ಲಿಯೇ ಕಲಿತುಬಿಟ್ಟಿರುತ್ತಾರೆ. ಆ ಪಾಠವನ್ನು ಮೊದಲು ಮರೆಯಬೇಕು.

ಉಪಾಧ್ಯಾಯಿನಿಯಾಗಲು ಹೋಗುವವಳಿಗೆ ಅನೇಕ ಶಾಲೆಗಳಲ್ಲಿ ಮಾದರಿ ಪಾಠವೊಂದನ್ನು ಮಾಡಿಸುತ್ತಾರೆ. ಹತ್ತು ಹದಿನೈದು ನಿಮಿಷಗಳಲ್ಲಿ ಒಂದು ಅಧ್ಯಾಯವನ್ನೇ ಮುಗಿಸಲು ಹೊರಟು ಅರ್ಧದಲ್ಲಿ ನಿಲ್ಲುವವರೇ ಹೆಚ್ಚು. ಒಂದೇ ಚಿಕ್ಕ ಅಂಶವನ್ನು ಆರಿಸಿಕೊಳ್ಳುವುದು ಲೇಸು: ಭಿನ್ನರಾಶಿಗಳ ಇಡೀ ಪಾಠವಲ್ಲ, ಅರ್ಧಕ್ಕೆ ಕಾಲನ್ನು ಕೂಡಿದರೆ ಮುಕ್ಕಾಲು ಯಾಕಾಗುತ್ತದೆ ಎಂಬಷ್ಟೇ. ಮುಂದೆ ಕುಳಿತವರು ಮಕ್ಕಳಲ್ಲದೆ ಆಡಳಿತ ಮಂಡಳಿಯವರೇ ಆಗಿದ್ದರೂ ಅವರನ್ನು ಪ್ರಶ್ನೆ ಕೇಳಲು ಹಿಂಜರಿಯಬಾರದು. ತರಗತಿಯನ್ನು ಹಿಡಿಯಬಲ್ಲಳೋ ಎಂದು ಅವರು ನೋಡುತ್ತಿರುವುದು ಅಲ್ಲಿಯೇ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಹಿಂದೆ ತೇರ್ಗಡೆಯಾದವರು ಕೆಲವರು ತಮ್ಮ ಪ್ರಮಾಣಪತ್ರದ ಏಳು ವರ್ಷಗಳ ಅವಧಿ ಮುಗಿಯಿತೆಂದು ಅರ್ಜಿಯನ್ನೇ ಹಾಕದೆ ಕುಳಿತಿದ್ದಾರೆ. ೨೦೨೧ರಲ್ಲಿ ಆ ಅವಧಿಯನ್ನು ತೆಗೆದು, ೨೦೧೧ರಿಂದ ಪಡೆದ ಪ್ರಮಾಣಪತ್ರಗಳೆಲ್ಲ ಜೀವಮಾನಪರ್ಯಂತ ಸಲ್ಲುವುವೆಂದು ಮಾಡಲಾಯಿತು. ಪೆಟ್ಟಿಗೆಯ ಅಡಿಯಲ್ಲಿರುವುದನ್ನು ಹೊರಕ್ಕೆ ತೆಗೆಯಿರಿ.

ಇಂಗ್ಲಿಷಿನ ಭಯವನ್ನು ಕುರಿತು ಒಂದು ಮಾತು. ಕನ್ನಡದಲ್ಲಿ ಓದಿದ ಹುಡುಗಿಯು ಸಂದರ್ಶನದಲ್ಲಿ ಸೋತರೆ "ಇಂಗ್ಲಿಷ್ ಬರಲಿಲ್ಲ, ಅದಕ್ಕೇ" ಎಂದು ಎಲ್ಲರೂ ಒಂದೇ ಕಾರಣ ಹೇಳುತ್ತಾರೆ. ಕೆಲವು ಕೆಲಸಗಳಿಗೆ ಅದು ನಿಜ. ದೂರದ ಗ್ರಾಹಕರೊಡನೆ ದಿನವೆಲ್ಲ ಇಂಗ್ಲಿಷಿನಲ್ಲಿಯೇ ಮಾತಾಡಬೇಕಾದ ಹುದ್ದೆಗೆ ಇಂಗ್ಲಿಷ್ ಬೇಕೇ ಬೇಕು. ಆದರೆ ತನ್ನ ಕೆಲಸವನ್ನು ಕನ್ನಡದಲ್ಲಿಯೂ ಸ್ಪಷ್ಟವಾಗಿ ವಿವರಿಸಲಾರದವಳಿಗೆ ಇಂಗ್ಲಿಷ್ ಕಲಿಸಿದರೆ ಇಂಗ್ಲಿಷಿನಲ್ಲಿ ಅಸ್ಪಷ್ಟವಾಗಿ ಮಾತಾಡುವಳು, ಅಷ್ಟೆ. ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ನೋಡತಕ್ಕದ್ದು. ಬಳಿಕ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳತಕ್ಕದ್ದು. ಕನ್ನಡಿಯ ಮುಂದೆ ಹೇಳಿಕೊಳ್ಳುವುದಕ್ಕಿಂತ ಮನೆಯಲ್ಲಿ ಯಾರನ್ನಾದರೂ ಎದುರಿಗೆ ಕೂಡಿಸಿಕೊಂಡು ಹೇಳುವುದು ಮೇಲು, ಏಕೆಂದರೆ ಕನ್ನಡಿಯು ನಡುವೆ ಬಾಯಿ ಹಾಕುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ "ಅದು ನನಗೆ ಗೊತ್ತಿಲ್ಲ" ಎಂದು ತಲೆಯೆತ್ತಿ ಹೇಳುವುದನ್ನೂ ಅಭ್ಯಾಸ ಮಾಡಬೇಕು. ಇದು ನಾವು ತಿಳಿದಷ್ಟು ಸುಲಭವಲ್ಲ. ಈಗ ಅನೇಕ ಸಂದರ್ಶನಗಳು ಕಂಪ್ಯೂಟರಿನ ತೆರೆಯ ಮೇಲೆಯೇ ನಡೆಯುವುದರಿಂದ, ಹಿಂದಿನ ದಿನವೇ ಗೆಳತಿಯೊಬ್ಬಳನ್ನು ಕರೆದು ಧ್ವನಿಯೂ ಬೆಳಕೂ ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು, ಆ ಅರ್ಧ ಗಂಟೆ ಮನೆಯವರು ಆ ಕೋಣೆಗೆ ಬಾರದಂತೆ ಹೇಳಿಡುವುದು ಅವಶ್ಯಕ. ಉಡುಪಿನ ವಿಚಾರವಾಗಿ ಬಹಳ ಬರೆಯುವವರಿದ್ದಾರೆ. ಶುಚಿಯಾಗಿದ್ದು ಕುಳಿತಾಗ ಸರಿಪಡಿಸಿಕೊಳ್ಳುತ್ತಿರಬೇಕಾಗದ ಯಾವ ಉಡುಪಾದರೂ ಸಾಕು.

ಇನ್ನು ಸಿದ್ಧತೆಯಿಂದ ಗೆಲ್ಲಲಾಗದ ಒಂದು ಕಷ್ಟವನ್ನು ಕುರಿತು ಹೇಳಬೇಕು. "ಮದುವೆಯಾಗಿದೆಯೇ? ಯಾವಾಗ ಆಗುವಿರಿ? ಮಕ್ಕಳಾದರೆ ಕೆಲಸ ಬಿಡುವಿರಾ?" ಎಂಬ ಪ್ರಶ್ನೆಗಳನ್ನು ನಮ್ಮ ವಿದ್ಯಾರ್ಥಿನಿಯರಿಗೆ ಇಂದೂ ಕೇಳುತ್ತಾರೆ. ಅಣ್ಣತಮ್ಮಂದಿರನ್ನು ಇದೇ ಮೇಜಿನ ಮುಂದೆ ಹೀಗೆ ಕೇಳಿದುದನ್ನು ನಾವು ಕೇಳಿಲ್ಲ. ಈ ಪ್ರಶ್ನೆಯ ಚರಿತ್ರೆಯನ್ನು ತಿಳಿಯಬೇಕಾದರೆ ನಮ್ಮ ನಾಡಿನವರೇ ಆದ ಒಬ್ಬ ಮಹಿಳೆಯ ಜೀವನವನ್ನು ನೋಡಬೇಕು.

ಸಿ. ಬಿ. ಮುತ್ತಮ್ಮನವರು ೧೯೨೪ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದರು. ಅರಣ್ಯಾಧಿಕಾರಿಯಾಗಿದ್ದ ತಂದೆಯವರು ತೀರಿಕೊಂಡಾಗ ಅವರಿಗೆ ಒಂಬತ್ತು ವರ್ಷ. ತಾಯಿಯವರು ನಾಲ್ಕು ಮಕ್ಕಳನ್ನೂ ಓದಿಸಿಯೇ ತೀರುವೆನೆಂದು ಮನಸ್ಸು ಮಾಡಿದರು. ಮುತ್ತಮ್ಮನವರು ಮಡಿಕೇರಿಯ ಸೇಂಟ್ ಜೋಸೆಫ್ ಬಾಲಿಕಾ ಶಾಲೆಯಲ್ಲಿಯೂ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಓದಿ, ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ. ಎ. ಪದವಿಯನ್ನು ಪಡೆದರು. ೧೯೪೮ರಲ್ಲಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲನೆಯ ಮಹಿಳೆಯಾದರು. ವಿದೇಶಾಂಗ ಸೇವೆ ಬೇಕೆಂದು ಅವರು ಕೇಳಿದಾಗ ಸಂದರ್ಶನ ಮಂಡಳಿಯವರು ಅದು ಹೆಂಗಸರಿಗೆ ತಕ್ಕುದಲ್ಲವೆಂದು ಹಿಂದೆಗೆಯಿಸಲು ನೋಡಿದರು. ಅವರು ಹಿಂದೆಗೆಯಲಿಲ್ಲ, ೧೯೪೯ರಲ್ಲಿ ಸೇವೆಗೆ ಸೇರಿದರು. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಬರೆದುಕೊಡಬೇಕಾಯಿತು.

ನಮ್ಮ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇವೆ. ಇದು ಯಾವನೋ ಒಬ್ಬ ಅಧಿಕಾರಿಯ ಒರಟು ಮಾತಾಗಿರಲಿಲ್ಲ. ೧೯೬೧ರ ವಿದೇಶಾಂಗ ಸೇವಾ ನಿಯಮಗಳಲ್ಲಿಯೂ, ಸೇವೆಯಲ್ಲಿರುವ ಮಹಿಳೆಯು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯಬೇಕೆಂದೂ, ಸಂಸಾರದ ಹೊಣೆಗಳು ಕೆಲಸಕ್ಕೆ ಅಡ್ಡಿಯಾಗುವುವೆಂದು ಸರ್ಕಾರಕ್ಕೆ ತೋರಿದರೆ ಮದುವೆಯ ತರುವಾಯ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದೆಂದೂ, ವಿವಾಹಿತೆಗೆ ನೇಮಕದ ಹಕ್ಕೇ ಇಲ್ಲವೆಂದೂ ಅಚ್ಚುಹಾಕಿ ಇಟ್ಟಿದ್ದರು. ಗಂಡಸರಿಗೆ ಅಂತಹ ನಿಯಮವಿರಲಿಲ್ಲ. ಮುತ್ತಮ್ಮನವರು ಪ್ಯಾರಿಸ್, ರಂಗೂನ್, ಲಂಡನ್ನುಗಳಲ್ಲಿ ಕೆಲಸಮಾಡಿ, ೧೯೭೦ರಲ್ಲಿ ಹಂಗೆರಿಗೆ ರಾಯಭಾರಿಯಾದರು; ಸೇವೆಯೊಳಗಿನಿಂದ ಆ ಪದವಿಗೇರಿದ ಮೊದಲ ಭಾರತೀಯ ಮಹಿಳೆ ಅವರೇ. ಅಷ್ಟಾದ ಮೇಲೆಯೂ ಅತ್ಯುನ್ನತ ದರ್ಜೆಗೆ ಬಡ್ತಿಯ ಸಮಯ ಬಂದಾಗ, ಅರ್ಹತೆ ಸಾಲದೆಂದು ಅವರನ್ನು ಬಿಟ್ಟು ಕಿರಿಯರನ್ನು ಮುಂದೆ ಮಾಡಿದರು. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ನಡೆಯುತ್ತಿರುವಾಗಲೇ ಸರ್ಕಾರವು ಬಡ್ತಿಯನ್ನು ಕೊಟ್ಟಿತು. ವಿವಾಹಿತೆಗೆ ನೇಮಕದ ಹಕ್ಕಿಲ್ಲವೆಂಬ ನಿಯಮವನ್ನು ಅದಕ್ಕೆ ಮುಂಚೆಯೇ ತೆಗೆದುಹಾಕಿತ್ತು. ಮದುವೆಯ ಅನುಮತಿಯ ನಿಯಮವನ್ನೂ ತೆಗೆಯುವೆವೆಂದು ಹೇಳಿತು. ಆದ್ದರಿಂದ ೧೯೭೯ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರವರು ಅರ್ಜಿಯನ್ನು ಮುಕ್ತಾಯಗೊಳಿಸಿದರೂ, ಅವರ ಹಿರಿತನವನ್ನು ಪುನಃ ಪರಿಶೀಲಿಸಬೇಕೆಂದೂ ಸೇವಾ ನಿಯಮಗಳಲ್ಲಿ ಉಳಿದಿರುವ ತಾರತಮ್ಯವನ್ನು ಹುಡುಕಿ ತೆಗೆಯಬೇಕೆಂದೂ ತೀರ್ಪಿನಲ್ಲಿ ಬರೆದರು. ಮೇಜಿನ ಮುಂದೆ ಆ ಪ್ರಶ್ನೆಯು ಎದ್ದ ಮೂವತ್ತು ವರ್ಷಗಳಿಗೆ ಉತ್ತರ ದೊರೆಯಿತು. ಅವರು ಮುಂದೆ ೨೦೦೯ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಕೊಡವರ ಅಡುಗೆಯನ್ನು ಕುರಿತು ಅವರು ಪುಸ್ತಕವೊಂದನ್ನು ಬರೆದಿದ್ದಾರೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ. ಹುದ್ದೆಗೆ ಹೋದ ಹೆಣ್ಣು ಒಲೆಯನ್ನು ಮರೆಯುವಳೆಂಬ ಹಿರಿಯರ ಸಮಾಧಾನಕ್ಕಾಗಿ.

ಅವರ ಬಳಿಕ ಎರಡೇ ವರ್ಷಗಳಿಗೆ, ೧೯೫೧ರಲ್ಲಿ, ಕೇರಳದ ಅನ್ನಾ ರಾಜಂ ಜಾರ್ಜ್ ಎಂಬವರು ಭಾರತ ಆಡಳಿತ ಸೇವೆಗೆ ಸೇರಿದರು. ಅವರು ಓದಿದ್ದು ಕಲ್ಲಿಕೋಟೆಯ ಪ್ರಾವಿಡೆನ್ಸ್ ಮಹಿಳಾ ಕಾಲೇಜು, ಮಲಬಾರ್ ಕ್ರಿಶ್ಚಿಯನ್ ಕಾಲೇಜುಗಳಲ್ಲಿ ಮತ್ತು ಮದರಾಸಿನಲ್ಲಿ. ಇವರಿಗೂ ಸಂದರ್ಶನ ಮಂಡಳಿಯವರು ಆಡಳಿತ ಸೇವೆ ಬೇಡ, ಬೇರೆ ಸೇವೆಗಳೇ ಹೆಂಗಸರಿಗೆ ಒಪ್ಪುವುವು ಎಂದು ಉಪದೇಶಿಸಿದರು. ಸೋಜಿಗವೇನೆಂದರೆ, ಮುತ್ತಮ್ಮನವರಿಗೆ ಯಾವುದು ತಕ್ಕುದಲ್ಲವೆಂದು ಹೇಳಿದ್ದರೋ ಆ ವಿದೇಶಾಂಗ ಸೇವೆಯನ್ನೇ ಇವರಿಗೆ ತಕ್ಕುದೆಂದು ತೋರಿಸಿದರು. ಇದರಿಂದ ಒಂದು ಸಂಗತಿಯು ವಿಶದವಾಗುತ್ತದೆ: ಮೇಜಿನ ಆಚೆಗಿರುವವರು ಯಾವಾಗಲೂ ಅಭ್ಯರ್ಥಿನಿಯನ್ನೇ ಅಳೆಯುತ್ತಾರೆಂದಿಲ್ಲ, ತಮ್ಮ ರೂಢಿಯನ್ನೂ ಅವಳ ಮೇಲಿಟ್ಟು ನೋಡುತ್ತಾರೆ. ಮದರಾಸಿನಲ್ಲಿ ಮುಖ್ಯಮಂತ್ರಿಯಾಗಿದ್ದ ರಾಜಗೋಪಾಲಾಚಾರ್ಯರು ಇವರಿಗೆ ಜಿಲ್ಲೆಯ ಅಧಿಕಾರ ಕೊಡಲು ಅನುಮಾನಿಸಿ, ಸಚಿವಾಲಯದೊಳಗೆ ಕೆಲಸ ಕೊಡುವೆನೆಂದರು. ಕುದುರೆ ಸವಾರಿಯನ್ನೂ ಬಂದೂಕು ಹಿಡಿಯುವುದನ್ನೂ ತರಬೇತಿಯಲ್ಲಿ ಕಲಿತಿದ್ದ ಇವರು, ಗಂಡಸರಷ್ಟೇ ಸಮರ್ಥವಾಗಿ ನಡೆಸಬಲ್ಲೆನೆಂದು ವಾದಿಸಿ ಸಬ್ ಕಲೆಕ್ಟರ್ ಹುದ್ದೆಯನ್ನೇ ಪಡೆದರು. ಅದೇ ರಾಜಾಜಿಯವರು ತರುವಾಯ ಸಾರ್ವಜನಿಕ ಸಭೆಯಲ್ಲಿ ಇವರನ್ನು ಮೆಚ್ಚಿ ಮಾತಾಡಿದರು. ೧೯೮೯ರಲ್ಲಿ ಇವರಿಗೆ ಪದ್ಮಭೂಷಣವು ಬಂದಿತು.

೧೯೭೪ರ ಸುಧಾ ಮೂರ್ತಿಯವರ ಪ್ರಸಂಗವು ನಮ್ಮ ಓದುಗರಿಗೆಲ್ಲ ತಿಳಿದುದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಟೆಲ್ಕೊ ಕಂಪೆನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಾಗಿಲ್ಲವೆಂದು ಬರೆದುದನ್ನು ಕಂಡು, ಅವರು ಜೆ. ಆರ್. ಡಿ. ಟಾಟಾರವರಿಗೇ ಒಂದು ಅಂಚೆ ಕಾರ್ಡು ಬರೆದರು. ಕಂಪೆನಿಯು ಪುಣೆಗೆ ಸಂದರ್ಶನಕ್ಕೆ ಕರೆಯಿಸಿತು. ನಮ್ಮವರು ಸಾಮಾನ್ಯವಾಗಿ ಆ ಕಾರ್ಡಿನ ಧೈರ್ಯವನ್ನು ಮಾತ್ರ ಹೊಗಳುತ್ತಾರೆ. ಆದರೆ ಪುಣೆಯಲ್ಲಿ ಕೇಳಿದುದು ಇಂಜಿನಿಯರಿಂಗಿನ ಪ್ರಶ್ನೆಗಳನ್ನು. ಅವುಗಳಿಗೆ ಉತ್ತರ ಬಂದುದರಿಂದಲೇ ಕೆಲಸವಾಯಿತು. ಕಾರ್ಡು ಬಾಗಿಲನ್ನು ತೆರೆಯಿತು, ಒಳಗೆ ನಡೆದುದು ಓದಿನ ಬಲದಿಂದ.

ಕಾನೂನು ಈಗ ಹೆಣ್ಣುಮಕ್ಕಳ ಪಕ್ಷದಲ್ಲಿದೆ. ಒಂದೇ ಬಗೆಯ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೆಣ್ಣೆಂಬ ಕಾರಣದಿಂದ ಭೇದಮಾಡಕೂಡದೆಂದು ೧೯೭೬ರ ಸಮಾನ ವೇತನ ಕಾಯಿದೆಯು ವಿಧಿಸಿತ್ತು. ಆ ತತ್ತ್ವವು ೨೦೧೯ರ ವೇತನ ಸಂಹಿತೆಯಲ್ಲಿಯೂ ಸೇರಿದೆ. ಹೆರಿಗೆಯ ರಜೆಯು ೨೦೧೭ರ ತಿದ್ದುಪಡಿಯಿಂದ ೧೨ ವಾರಗಳಿದ್ದುದು ೨೬ ವಾರಗಳಾಯಿತು. ಆದರೂ ಸಂದರ್ಶನದ ಕೋಣೆಯಲ್ಲಿ ಕಾನೂನಿನ ಪುಸ್ತಕವನ್ನು ತೆರೆದು ಓದಲು ಯಾರಿಂದಲೂ ಆಗದಷ್ಟೆ. ನಾವು ಕಂಡಂತೆ, ಮದುವೆಯ ಪ್ರಶ್ನೆ ಬಂದಾಗ ಕೋಪಿಸಿಕೊಳ್ಳದೆ, ಮನೆಯ ವಿವರಗಳನ್ನೆಲ್ಲ ಬಿಚ್ಚಿಡಲೂ ಹೋಗದೆ, "ಈ ಹುದ್ದೆಯ ವೇಳೆಗಳನ್ನು ವಿಚಾರಿಸಿಕೊಂಡೇ ಅರ್ಜಿ ಹಾಕಿದ್ದೇನೆ, ಪಾಳಿಯ ಕೆಲಸ ನನಗೆ ಒಪ್ಪಿಗೆ" ಎಂದು ಮಾತನ್ನು ಕೆಲಸದ ಕಡೆಗೆ ತಿರುಗಿಸುವವಳ ಘನತೆಯೂ ಉಳಿಯುತ್ತದೆ, ಅವಕಾಶವೂ ಉಳಿಯುತ್ತದೆ. ಹಾಗಾಗ್ಯೂ ಮತ್ತೆ ಮತ್ತೆ ಅದನ್ನೇ ಕೆದಕುವ ಸ್ಥಳದಲ್ಲಿ ಕೆಲಸ ಸಿಕ್ಕದೆ ಹೋದರೆ ದುಃಖಿಸಬೇಕಾದುದು ಅಷ್ಟೇನೂ ಇಲ್ಲ.

ನಿರಾಕರಣೆಯಾದ ಮೇಲೆ ಮಾಡಬೇಕಾದುದೇನು? ಎರಡು ಬಗೆಯ ನಿರಾಕರಣೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಇಪ್ಪತ್ತು ಅರ್ಜಿ ಹಾಕಿಯೂ ಒಂದೂ ಕರೆ ಬಾರದಿದ್ದರೆ ದೋಷವು ಸಂದರ್ಶನದಲ್ಲಿಲ್ಲ. ಅರ್ಜಿಯಲ್ಲಿದೆ, ಅಥವಾ ತನ್ನ ವಿದ್ಯೆಗೆ ಹೊಂದದ ಹುದ್ದೆಗಳನ್ನು ಆರಿಸಿಕೊಳ್ಳುವುದರಲ್ಲಿದೆ. ಕರೆ ಬರುತ್ತಿದ್ದು ಕೆಲಸವಾಗದಿದ್ದರೆ ಅರ್ಜಿಯು ಚೆನ್ನಾಗಿದೆಯೆಂದೇ ಅರ್ಥ. ಈ ಎರಡನ್ನೂ ಬೆರಸಿ "ನನಗೆ ಯೋಗ್ಯತೆಯಿಲ್ಲ" ಎಂಬ ಒಂದೇ ಮಾತಿನಲ್ಲಿ ಹೇಳಿಕೊಳ್ಳುವವಳಿಗೆ ಯಾವುದನ್ನು ತಿದ್ದಬೇಕೆಂದು ತಿಳಿಯುವುದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಶುಶ್ರೂಷೆಯ ಶಿಕ್ಷಣ ಮುಗಿಸಿದವಳು, ಆರು ಆಸ್ಪತ್ರೆಗಳಿಂದ ಬರಿಗೈಯಲ್ಲಿ ಹಿಂದಿರುಗಿ ನಮ್ಮಲ್ಲಿಗೆ ಬಂದಿದ್ದಳು. ಏನೇನು ಕೇಳಿದರೆಂದರೆ ನೆನಪಿಲ್ಲವೆಂದಳು. ಏಳನೆಯದಕ್ಕೆ ಹೋದಾಗ, ಹೊರಗೆ ಬಂದೊಡನೆ ಬಸ್ಸು ಹತ್ತುವುದಕ್ಕೆ ಮುಂಚೆಯೇ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆಯುವಂತೆ ಹೇಳಿದೆವು. ಅಲ್ಲಿಯೂ ಆಗಲಿಲ್ಲ. ಆದರೆ ಪುಸ್ತಕದಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಅವುಗಳಲ್ಲಿ ಎಂಟಕ್ಕೆ ಅವಳು ಚೆನ್ನಾಗಿಯೇ ಉತ್ತರಿಸಿದ್ದಳು. ಉಳಿದ ಮೂರೂ ತುರ್ತು ಚಿಕಿತ್ಸೆಯ ಉಪಕರಣಗಳಿಗೆ ಸಂಬಂಧಪಟ್ಟವು. ಅವಳು ಕಲಿತ ಕಡೆ ಅವನ್ನು ದೂರದಿಂದ ನೋಡಿದ್ದಳೇ ಹೊರತು ಕೈಯಿಂದ ಮುಟ್ಟಿರಲಿಲ್ಲ. ಅವಳು ತಾಲೂಕಿನ ಚಿಕ್ಕ ಆಸ್ಪತ್ರೆಯೊಂದರಲ್ಲಿ ಕಡಿಮೆ ಸಂಬಳಕ್ಕೆ ತುರ್ತು ವಿಭಾಗವನ್ನೇ ಕೇಳಿ ಸೇರಿ ಹತ್ತು ತಿಂಗಳು ದುಡಿದಳು. ಈಗ ಮಂಗಳೂರಿನಲ್ಲಿದ್ದಾಳೆ. ಯೋಗ್ಯತೆಯಿಲ್ಲವೆಂಬ ದೊಡ್ಡ ದುಃಖವು ಮೂರು ಪ್ರಶ್ನೆಗಳಷ್ಟು ಚಿಕ್ಕದಾಗಿ ಕಾಗದದ ಮೇಲೆ ಬಂದ ಮೇಲೆ ಅದಕ್ಕೆ ಉಪಾಯವೂ ದೊರೆಯಿತು. ಎಲ್ಲರ ಪುಸ್ತಕದಲ್ಲಿಯೂ ಇಷ್ಟು ಸ್ಪಷ್ಟವಾಗಿ ಕಾರಣವು ಕಾಣುವುದಿಲ್ಲವೆಂಬುದನ್ನು ಬಲ್ಲೆವು. ಕೆಲವು ವೇಳೆ ಎಲ್ಲ ಪ್ರಶ್ನೆಗಳಿಗೂ ಉತ್ತರ ಬಂದಿರುತ್ತದೆ, ಆದರೂ ಕೆಲಸವು ಬೇರೊಬ್ಬಳಿಗೆ ಹೋಗಿರುತ್ತದೆ. ಹುದ್ದೆ ಒಂದು, ಬಂದವರು ನಲವತ್ತು. ಮೂವತ್ತೊಂಬತ್ತು ಮಂದಿಯೂ ಅಯೋಗ್ಯರಾಗಿರಲು ಹೇಗೆ ಸಾಧ್ಯ? ಅದನ್ನೂ ಪುಸ್ತಕವೇ ತಿಳಿಸುತ್ತದೆ. ಒಂದು ವಾರವಾದ ಮೇಲೆ ಆ ಸಂಸ್ಥೆಗೆ ಎರಡು ಸಾಲಿನ ವಂದನೆಯ ಪತ್ರ ಬರೆದು, ತನ್ನಲ್ಲಿ ಕಂಡ ಕೊರತೆಯನ್ನು ತಿಳಿಸಿದರೆ ಉಪಕಾರವಾದೀತೆಂದು ಕೇಳುವುದರಲ್ಲಿ ಅವಮಾನವಿಲ್ಲ. ಹೆಚ್ಚಿನವರು ಪ್ರತ್ಯುತ್ತರ ಕೊಡುವುದಿಲ್ಲ. ಕೊಟ್ಟವರ ಮಾತು ಬೆಲೆಯುಳ್ಳದ್ದು.

ಮೇಲಿಂದ ಮೇಲೆ ಸೋತವಳು ಮೋಸಗಾರರ ಕೈಗೆ ಬೇಗ ಬೀಳುತ್ತಾಳೆ. "ಆಯ್ಕೆಯಾಗಿದೆ, ಭದ್ರತಾ ಠೇವಣಿ ಕಟ್ಟಿ" ಎಂಬ ಸಂದೇಶ ಬಂದರೆ ಅದು ಕೆಲಸವಲ್ಲ. ವಿದೇಶದ ಕೆಲಸವೆಂದು ಹೇಳುವವರು ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟರೋ ಎಂದು ಅವರ ನೋಂದಣಿ ಸಂಖ್ಯೆಯನ್ನು ಕೇಳಿ ವಿದೇಶಾಂಗ ಇಲಾಖೆಯ ಪಟ್ಟಿಯಲ್ಲಿ ನೋಡತಕ್ಕದ್ದು. ಮೂಲ ಅಂಕಪಟ್ಟಿಯನ್ನು ಯಾರ ವಶದಲ್ಲಿಯೂ ಬಿಟ್ಟುಬರಬಾರದು.

ಈಗ ಹೆತ್ತವರೊಡನೆ. ಮಗಳು ಸಂದರ್ಶನದಿಂದ ಹಿಂದಿರುಗುವ ಸಂಜೆಯು ಮನೆಯಲ್ಲಿ ಹೇಗೆ ಕಳೆಯುತ್ತದೆಂಬುದರ ಮೇಲೆ ಅವಳು ಮತ್ತೆ ಹೊರಡುವಳೋ ಇಲ್ಲವೋ ಎಂಬುದು ಬಹಳಮಟ್ಟಿಗೆ ನಿಂತಿದೆ. ಹೊಸ್ತಿಲು ದಾಟುವುದರೊಳಗೆ "ಏನಾಯಿತು?" ಎಂದು ಕೇಳುವಿರಿ, ಅವಳು ಚಪ್ಪಲಿ ಬಿಟ್ಟು ನೀರು ಕುಡಿಯಲಿ. ಸಂದರ್ಶನದ ಕೋಣೆಯವರೆಗೆ ಜೊತೆಯಲ್ಲಿ ಹೋಗುವ ತಂದೆಯವರು ಅನೇಕರಿದ್ದಾರೆ. ದೂರದ ಊರಾದರೆ ಅದು ಬೇಕಾದುದೇ. ಆದರೆ ಕೆಲವರು ಒಳಗೂ ಹೋಗಿ ಮಗಳನ್ನು ಕೇಳಿದ ಪ್ರಶ್ನೆಗೆ ತಾವೇ ಉತ್ತರ ಕೊಡುತ್ತಾರೆ. ಅಲ್ಲಿಗೆ ಸಂದರ್ಶನವು ಮುಗಿಯಿತೆಂದು ತಿಳಿಯಬೇಕು. ನೆರೆಯವರಿಗೂ ನಂಟರಿಗೂ ಮೊದಲೇ ಹೇಳಿಟ್ಟು, ಆಗದೆ ಹೋದಾಗ ಅವರೆಲ್ಲರಿಗೂ ಮಗಳೇ ಸಮಾಧಾನ ಹೇಳಬೇಕಾಗುವಂತೆ ಮಾಡಬೇಡಿರಿ.

ಇದಕ್ಕಿಂತ ಗುರುತರವಾದುದು ಇನ್ನೊಂದುಂಟು. ಗಂಡುಮಗನು ಓದು ಮುಗಿಸಿ ಎರಡು ಮೂರು ವರ್ಷ ಕೆಲಸ ಹುಡುಕಿದರೂ ಮನೆಯವರು "ಸಿಕ್ಕೀತು" ಎನ್ನುತ್ತಾರೆ. ಹೆಣ್ಣುಮಗಳಿಗೆ ಎರಡು ಕಡೆ ಆಗದಿದ್ದರೆ ಆರು ತಿಂಗಳೊಳಗೆ "ಇನ್ನು ಸಾಕು" ಎಂಬ ಮಾತು ಹೊರಡುತ್ತದೆ. ಅದನ್ನು ಪ್ರೀತಿಯಿಂದಲೇ ಹೇಳುತ್ತೀರಿ. ಅವಳ ಕಷ್ಟವನ್ನು ನೋಡಲಾರದೆ ಹೇಳುತ್ತೀರಿ. ಆದರೆ ಯಾವ ಆಸ್ಪತ್ರೆಯೂ ಕಂಪೆನಿಯೂ ಅವಳಿಗೆ ಆ ಮಾತನ್ನು ಹೇಳಿರಲಿಲ್ಲ. ಅವರು ಹೇಳಿದುದು ಈ ಸಲ, ಈ ಹುದ್ದೆಗೆ, ಬೇಡವೆಂದಷ್ಟೇ. ಅದನ್ನು ಎಂದೆಂದಿಗೂ ಬೇಡವೆಂದು ಮಾಡುವುದು ಮನೆಯೊಳಗೆ. ನಮ್ಮ ದಾಖಲೆಯ ಪುಸ್ತಕಗಳಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದ ಹೆಸರುಗಳು ಸಾಲುಸಾಲಾಗಿ ಇವೆ. ಅವರಲ್ಲಿ ಎಷ್ಟು ಮಂದಿ ಮೂರನೆಯ ಅರ್ಜಿಯನ್ನು ಹಾಕಲಿಲ್ಲವೆಂಬುದನ್ನು ನೆನೆದರೆ ನಮಗೆ ವ್ಯಸನವಾಗುತ್ತದೆ. ಮದುವೆಯು ಬೇಡವೆಂದು ನಾವು ಹೇಳುತ್ತಿಲ್ಲ. ನಿರಾಕರಣೆಯ ಮರುದಿನ ಅದನ್ನು ಔಷಧವೆಂದು ತರಬೇಡಿರೆಂದು ಮಾತ್ರ ಹೇಳುತ್ತೇವೆ. ಹುಡುಕುವುದಕ್ಕೆ ಇಷ್ಟು ಕಾಲವೆಂದು, ಒಂದೂವರೆ ವರ್ಷವೋ ಎರಡು ವರ್ಷವೋ, ಮಗಳೊಡನೆ ಕುಳಿತು ಮೊದಲೇ ನಿಶ್ಚಯಿಸಿಕೊಳ್ಳಿರಿ. ಬಸ್ಸಿನ ಖರ್ಚಿಗೂ ಅರ್ಜಿಯ ಶುಲ್ಕಕ್ಕೂ ತಿಂಗಳಿಗಿಷ್ಟೆಂದು ತೆಗೆದಿಡಿರಿ. ಪ್ರತಿ ಸಲವೂ ಕೈಚಾಚಿ ಕೇಳಬೇಕಾದರೆ ಅವಳು ಕೇಳುವುದನ್ನೇ ಬಿಡುತ್ತಾಳೆ.

ಕೊನೆಗೆ ನಮ್ಮ ಕಚೇರಿಗೆ ಸಂಬಂಧಪಟ್ಟ ಒಂದು ವಿಷಯ. ಕೆಲಸ ಸಿಕ್ಕಿದ ಮೇಲೆಯೂ ದಾಖಲೆಗಳ ಪರಿಶೀಲನೆಯಲ್ಲಿ ತೊಡಕಿಗೆ ಸಿಕ್ಕಿದವರು ನಮ್ಮಲ್ಲಿ ಕಡಿಮೆಯಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಆಧಾರಿನಲ್ಲಿ ಹಿಂದೆ, ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಹೆಸರು, ಹೀಗೆ ಒಬ್ಬಳೇ ಮೂವರಾಗಿರುತ್ತಾಳೆ. ಇಂದೇ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿರಿ. ಅಂಕಪಟ್ಟಿಯಲ್ಲಿ ತಪ್ಪು ಕಂಡರೆ ತಿದ್ದುಪಡಿಯ ಅರ್ಜಿಯು ಶಾಲೆಯ ಮೂಲಕವೇ ಮಂಡಳಿಗೆ ಹೋಗಬೇಕು, ಮತ್ತು ಅದಕ್ಕೆ ಕಾಲ ಹಿಡಿಯುತ್ತದೆ. ಹುಟ್ಟಿದ ದಿನದ ದಾಖಲೆಯನ್ನೂ ನಮ್ಮಿಂದ ಪಡೆದ ವರ್ಗಾವಣೆ ಪತ್ರದ ಪ್ರತಿಯನ್ನೂ ತೆಗೆದುಕೊಂಡು ಬನ್ನಿರಿ. ಮೇ, ಜೂನ್ ತಿಂಗಳುಗಳಲ್ಲಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಗಡಿಬಿಡಿಯಿರುವುದರಿಂದ, ಅದಕ್ಕೆ ಮುಂಚೆಯೇ ಬಂದರೆ ಗುಮಾಸ್ತರಿಗೆ ನಿಮ್ಮೊಡನೆ ಕುಳಿತು ಹಳೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡಲು ಸಮಯವಿರುತ್ತದೆ.